ಹೆಗಲು ಕಾಣುವ ಎತ್ತು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಕಲ್ಲನ್ನು ಹುಡುಕಿ ನೋಡಿ. ಮದ್ದೂರು ತಾಲ್ಲೂಕಿನದು, ಕ್ರಿ.ಶ. 949–50ರ ಸುಮಾರಿನದು. ಒಂದು ನಾಯಿ ಕಾಡುಹಂದಿಯ ಜೊತೆ ಕಾದಾಡುವ ಚಿತ್ರ ಅದರಲ್ಲಿದೆ. ನಾಯಿಯ ಹೆಸರು ಕಾಳಿ. ಗಂಗ ದೊರೆ ಬೂತುಗನ ಆಳು ಮಣಲೇರ, ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಈ ನಾಯಿಯನ್ನು ಕೇಳಿದ. ಮುಂದೆ ಬೇಟೆಯಲ್ಲಿ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಅಂತಲೂ ಬರೆಸಿದರು.

ಉಳುವ ಎತ್ತಿಗೆ ಇಂಥ ಕಲ್ಲು ಎಲ್ಲಿದೆ? ನಂದಿ ಊರೂರಿಗೂ ಇದ್ದಾನೆ, ನಿಜ. ಚಾಮುಂಡಿ ಬೆಟ್ಟದ ನಂದಿಯ ಕೊರಳಿನ ಗಂಟೆ, ಹಾರ ಎಷ್ಟು ಚೆಂದ! ಆದರೆ ಆ ಹೆಗಲ ಮೇಲೆ ನೊಗದ ಗುರುತಿಲ್ಲ. ಅವನು ದೇವರ ವಾಹನ, ಹೊಲಕ್ಕಿಳಿದವನಲ್ಲ.

ಉತ್ತರ ಕರ್ನಾಟಕದವರು ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಜೋಡೆತ್ತು ಮಾಡ್ತಾರೆ. ಕೋಡು ತಿದ್ದಿ, ಇಣಿ ಅಂದ್ರೆ ಬೆನ್ನಿನ ಡುಬ್ಬ ಏರಿಸಿ, ಗ್ವಾದಲಿ ಅಂದ್ರೆ ಮೇವಿನ ತೊಟ್ಟಿ ಕಟ್ಟಿ ಪೂಜಿಸ್ತಾರೆ. ಆಮೇಲೆ ಅವು ಮತ್ತೆ ಮಣ್ಣಿಗೇ ಸೇರುತ್ತವೆ. ನನಗೆ ಇದು ತುಂಬಾ ಇಷ್ಟ, ಯಾಕಂದ್ರೆ ಮಣ್ಣೆತ್ತು ಕರಗಿದರೆ ಮುಂದಿನ ವರ್ಷ ಮತ್ತೆ ಮಾಡ್ತಾರೆ, ಮರೆಯೋದಿಲ್ಲ. ಹಟ್ಟಿಯ ಎತ್ತಿನ ಕಥೆ ಹಾಗಲ್ಲ. ಹಲ್ಲು ಉದುರಿ, ಹೆಜ್ಜೆ ಭಾರವಾದರೆ ಸಂತೆಗೆ ಹೊಡೆಯುತ್ತಾರೆ. ರೈತನಿಗೆ ಕಲ್ಲು ಮನಸ್ಸು ಅಂತಲ್ಲ, ದುಡಿಯದ ಜೋಡಿಗೆ ವರ್ಷವಿಡೀ ಮೇವು ಹಾಕೋದು ಸುಮ್ನೆ ಮಾತಲ್ಲ. ಈಗ ಟ್ರ್ಯಾಕ್ಟರ್ ಬಂದ ಮೇಲೆ ಹೊಸ ಜೋಡಿ ಕಟ್ಟುವವರೂ ಕಡಿಮೆ.

ಅದಕ್ಕೇ ಶಿಲ್ಪಿಗಳಲ್ಲಿ ನನ್ನದೊಂದು ಮಾತು. ಎತ್ತನ್ನು ಕಡೆಯುವಾಗ ಜಾತ್ರೆಯಲ್ಲಿ ಮೆರೆಯುವ ಎತ್ತನ್ನಷ್ಟೇ ಕಡೆಯಬೇಡಿ. ನೊಗ ಉಜ್ಜಿ ಉಜ್ಜಿ ಕೂದಲು ಹೋಗಿ ಕಾಯಿಗಟ್ಟಿದ ಹೆಗಲು, ಮೂಗುದಾರ ಎಳೆದು ಅಗಲವಾದ ಮೂಗಿನ ತೂತು, ಸವೆದ ಲಾಳ, ಇವನ್ನೂ ಕಡೆಯಿರಿ. ಕೆಳಗೆ ಅದರ ಹೆಸರು ಕೆತ್ತಿ, ಕಾಳಿಗೆ ಕೆತ್ತಿದ ಹಾಗೆ. ನಿಲ್ಲಿಸೋದು ನಗರದ ಸರ್ಕಲ್‌ನಲ್ಲಿ ಬೇಡ, ಅದು ಉತ್ತ ಹೊಲದ ಬದುವಿನಲ್ಲೇ ಆಗಲಿ. ಹೆಸರು ನೆನಪಿರುವ ಹಿರಿಯರು ಇನ್ನೂ ಮನೆಯಲ್ಲಿದ್ದಾರೆ. ಈ ಭಾನುವಾರವೇ ಕೇಳಿ ಬರೆದಿಟ್ಟುಕೊಳ್ಳಿ. ನಮಸ್ಕಾರ.