ಅಸೆಟ್ಟೊ ಕೋರ್ಸಾ ತಡವರಿಸದೆ ಓಡಬೇಕಾದರೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದೇ ಆಟದ ಬಗ್ಗೆ. ಇಟಲಿಯ ಕುನೋಸ್ ಸಿಮುಲಾಟ್ಸಿಯೋನಿ ಸಂಸ್ಥೆ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಕಾರ್ ರೇಸಿಂಗ್ ಆಟ ಅಸೆಟ್ಟೊ ಕೋರ್ಸಾ. ಹಳೆಯ ಆಟವೇ. ಆದರೂ ಹೊಸದಾಗಿ ಸ್ಟಿಯರಿಂಗ್ ವೀಲ್ ಕೊಂಡವರು ಇವತ್ತಿಗೂ ಇದನ್ನು ಹುಡುಕಿಕೊಂಡು ಬರುತ್ತಾರೆ, ಸಾಧಾರಣ ಕಂಪ್ಯೂಟರಿನಲ್ಲೂ ಇದು ಓಡುತ್ತದೆ. ಆದರೆ ಓಡುವುದು ಬೇರೆ, ತಡವರಿಸದೆ ಓಡುವುದು ಬೇರೆ. ಒಬ್ಬರೇ ಪ್ರಾಕ್ಟೀಸ್ ಮಾಡುವಾಗ ನೀರು ಹರಿದಂತೆ ಸಾಗುವ ಆಟ, ಮುಂದೆ 20 ಕಾರು ನಿಂತಿರುವ ಗ್ರಿಡ್‌ನಿಂದ ಹೊರಟ ಕೂಡಲೆ ಎಡವತೊಡಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ರೆಸಲ್ಯೂಷನ್ ಇಳಿಸುವುದು. ಚಿತ್ರ ಮಸುಕಾಗುತ್ತದೆ, ಎಡವುವುದು ಮಾತ್ರ ಹಾಗೆಯೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಯಾವ ಸೆಟ್ಟಿಂಗ್ ಯಾರ ಮೇಲೆ, ಲೆಕ್ಕ ಮಾಡುವ ಪ್ರೊಸೆಸರ್ (ಸಿಪಿಯು) ಮೇಲೋ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ಮೇಲೋ, ಹೊರೆ ಹಾಕುತ್ತದೆ ಎನ್ನುವುದು ಗೊತ್ತಾದರೆ ಈ ತಪ್ಪು ಆಗುವುದಿಲ್ಲ.

ಮೊದಲು ಲೆಕ್ಕ. ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಫ್ರೇಮ್ ಬೇಕಾದರೆ 6.9 ಮಿಲಿಸೆಕೆಂಡ್ ಮಾತ್ರ. ಗಂಟೆಗೆ 250 ಕಿಲೋಮೀಟರ್ ವೇಗದ ಕಾರು 16.7 ಮಿಲಿಸೆಕೆಂಡಿನಲ್ಲಿ ಸುಮಾರು 1.16 ಮೀಟರ್ ಸಾಗುತ್ತದೆ. ನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಕಾರು ಸುಮಾರು ಮೂರೂವರೆ ಮೀಟರ್ ಸಾಗಿದ ಮೇಲೆಯೇ ನಿಮಗೆ ಮುಂದಿನ ಚಿತ್ರ ಕಾಣುತ್ತದೆ. ಮೊಂಜಾ ಟ್ರ್ಯಾಕಿನಲ್ಲಿ ವೇಗ ತಗ್ಗಿಸಲೆಂದೇ ಇರುವ ಅಂಕುಡೊಂಕಾದ ಮೊದಲ ಶಿಕೇನ್‌ಗೆ ಬ್ರೇಕ್ ಹಾಕುವ ಹೊತ್ತಿನಲ್ಲಿ ಹೀಗಾದರೆ ಬ್ರೇಕ್ ತಡವಾಯಿತೆಂದೇ ಅರ್ಥ. ಆದ್ದರಿಂದ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಹೇಳುವ ಸರಾಸರಿ ಎಫ್‌ಪಿಎಸ್ ನೋಡಿ ಸಮಾಧಾನಪಡಬೇಡಿ. ಸರಾಸರಿ 90 ತೋರಿಸುತ್ತಾ ಆಗಾಗ ಎಡವುವ ಆಟಕ್ಕಿಂತ, ಕದಲದೆ 60 ಕೊಡುವ ಆಟದಲ್ಲಿ ಕಾರು ಹೆಚ್ಚು ಕೈಗೆ ಸಿಗುತ್ತದೆ.

ಅಳೆಯಲು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಸಾಕು, ಎರಡೂ ಉಚಿತ ಪ್ರೋಗ್ರಾಂಗಳು. ಪರದೆಯ ಮೇಲೆ ಮೂರು ಸಂಗತಿ ಕಾಣುವಂತೆ ಮಾಡಿಕೊಳ್ಳಿ: ಫ್ರೇಮ್‌ಟೈಮ್ ರೇಖೆ (ಒಂದೊಂದು ಫ್ರೇಮಿಗೆ ಹಿಡಿದ ಸಮಯ), ಜಿಪಿಯು ಬಳಕೆ, ಮತ್ತು ಸಿಪಿಯು ಏಕಕಾಲಕ್ಕೆ ನಡೆಸುವ ಕೆಲಸದ ಸಾಲುಗಳಲ್ಲಿ ಒಂದೊಂದು ಥ್ರೆಡ್‌ನ ಬಳಕೆ. ಒಟ್ಟು ಸಿಪಿಯು ಬಳಕೆಯನ್ನು ನಂಬಬೇಡಿ. 12 ಥ್ರೆಡ್ ಇರುವ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದು ಸುಸ್ತಾಗಿದ್ದರೂ ಒಟ್ಟು ಲೆಕ್ಕದಲ್ಲಿ ಅದರ ಪಾಲು ಶೇಕಡ 8 ಮಾತ್ರ. ಟಾಸ್ಕ್ ಮ್ಯಾನೇಜರ್ ನೋಡಿ ‘ಸಿಪಿಯು ಖಾಲಿ ಕೂತಿದೆ’ ಎಂದುಕೊಳ್ಳುವುದು ಇಲ್ಲಿಯೇ.

ಪರೀಕ್ಷೆಗೆ ಅತಿ ಕಷ್ಟದ ಜಾಗವನ್ನೇ ಆರಿಸಿ: 20 ಎದುರಾಳಿಗಳು, ನೀವು ಗ್ರಿಡ್‌ನ ಕೊನೆಯಲ್ಲಿ, ಕ್ಯಾಮೆರಾ ಕಾಕ್‌ಪಿಟ್‌ನಲ್ಲಿ. ಎಲ್ಲ ಕಾರುಗಳೂ ಕಣ್ಣ ಮುಂದೆ ಇರುತ್ತವೆ. ಮೊದಲ ತಿರುವಿನವರೆಗೆ ಓಡಿಸಿ ಅಂಕಿ ಗುರುತು ಹಾಕಿಕೊಳ್ಳಿ. ಆಮೇಲೆ ರೆಸಲ್ಯೂಷನ್ 1920x1080 ಇದ್ದದ್ದನ್ನು 1280x720ಕ್ಕೆ ಇಳಿಸಿ ಅದೇ ಓಟ ಮತ್ತೆ ಮಾಡಿ. ಪಿಕ್ಸೆಲ್‌ಗಳು ಅರ್ಧಕ್ಕಿಂತ ಕಡಿಮೆಯಾದವು. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡ್ ಹಿಂದೆ ಬಿದ್ದಿತ್ತು ಎಂದರ್ಥ, ಇದ್ದಲ್ಲೇ ಇದ್ದರೆ ಸಿಪಿಯು. ಪರೀಕ್ಷೆ ಮುಗಿದ ಮೇಲೆ ರೆಸಲ್ಯೂಷನ್ ವಾಪಸ್ ಏರಿಸಿಬಿಡಿ. ಸೆಟ್ಟಿಂಗ್ ಮುಟ್ಟುವ ಮೊದಲು ಡಾಕ್ಯುಮೆಂಟ್ಸ್‌ನಲ್ಲಿರುವ ಅಸೆಟ್ಟೊ ಕೋರ್ಸಾ ಫೋಲ್ಡರಿನ ಒಳಗೆ ಸಿಎಫ್‌ಜಿ ಎಂಬ ಫೋಲ್ಡರ್ ಇದೆ, ಅದನ್ನು ಒಮ್ಮೆ ಕಾಪಿ ಮಾಡಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.

ಗ್ರಾಫಿಕ್ಸ್ ಕಾರ್ಡ್ ಸೋತಿದ್ದರೆ ಕೆಲಸ ಸುಲಭ. ಆ್ಯಂಟಿ ಅಲಿಯಾಸಿಂಗ್ (ಅಂಚುಗಳನ್ನು ನಯಗೊಳಿಸುವುದು) 8x ಇದ್ದರೆ 4x ಅಥವಾ 2x ಮಾಡಿ. ಪೂರ್ತಿ ತೆಗೆಯಬೇಡಿ, ದೂರದ ಬ್ರೇಕಿಂಗ್ ಬೋರ್ಡ್‌ಗಳ ಅಂಚು ಮಿನುಗತೊಡಗಿ ಕಣ್ಣಿಗೆ ತೊಂದರೆ. ಪೋಸ್ಟ್ ಪ್ರೊಸೆಸಿಂಗ್ ಗುಣಮಟ್ಟ ಇಳಿಸಿ. ಡೆಪ್ತ್ ಆಫ್ ಫೀಲ್ಡ್, ಮೋಷನ್ ಬ್ಲರ್, ಹೀಟ್ ಶಿಮ್ಮರ್ ಮೂರನ್ನೂ ಆಫ್ ಮಾಡಿ, ಓಡಿಸುವವರಿಗೆ ಅವುಗಳಿಂದ ಏನೂ ಉಪಯೋಗವಿಲ್ಲ. ಹೊಗೆ ಕಡಿಮೆ ಮಾಡಿ: ಮುಂದಿನ ಕಾರು ಸ್ಪಿನ್ ಆಗಿ ಹೊಗೆ ಎದ್ದಾಗ ಪದರದ ಮೇಲೆ ಪದರವಾಗಿ ಪಾರದರ್ಶಕ ಚಿತ್ರಗಳು ಪರದೆ ತುಂಬುತ್ತವೆ, ಒಂದೇ ಪಿಕ್ಸೆಲ್‌ಗೆ ಹತ್ತಾರು ಸಲ ಬಣ್ಣ ಹಚ್ಚಬೇಕು. ಸರಿಯಾಗಿ ನೋಡಬೇಕಾದ ಹೊತ್ತಿನಲ್ಲೇ ಫ್ರೇಮ್ ಬೀಳುವುದು ಇದರಿಂದ. ಅನಿಸೊಟ್ರೋಪಿಕ್ ಫಿಲ್ಟರಿಂಗ್ ಮಾತ್ರ 8x ಅಥವಾ 16x ಇರಲಿ. ಅದಕ್ಕೆ ಆಗುವ ಖರ್ಚು ತೀರಾ ಕಡಿಮೆ, ದೂರದ ರಸ್ತೆ ಸ್ಪಷ್ಟವಾಗಿ ಕಾಣುವುದು ಅದರಿಂದಲೇ.

ಸಿಪಿಯು ಸೋತಿದ್ದರೆ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾರ್ ರೇಸಿಂಗ್ ಆಟದ ವಿಶೇಷ ಇರುವುದೇ ಇಲ್ಲಿ. ಬೇರೆ ಎಷ್ಟೋ ಆಟಗಳಲ್ಲಿ ಮುಂದೆ ಕಾಣುವ ದೃಶ್ಯವನ್ನು ಒಮ್ಮೆ ಬಿಡಿಸಿದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಇಲ್ಲಿ ಹಿಂಬದಿ ಕನ್ನಡಿ ಇದೆ, ಅದಕ್ಕಾಗಿ ಹಿಂದಿನ ಟ್ರ್ಯಾಕ್, ಹಿಂದಿನ ಕಾರುಗಳು ಎಲ್ಲವನ್ನೂ ಇನ್ನೊಮ್ಮೆ ಬಿಡಿಸಬೇಕು. ನೆರಳಿಗಾಗಿ ಸೂರ್ಯನ ದಿಕ್ಕಿನಿಂದ ಮತ್ತೊಮ್ಮೆ. ಕಾರಿನ ಬಾಡಿಯ ಮೇಲೆ ಹೊಳೆಯುವ ಪ್ರತಿಬಿಂಬಕ್ಕೆ ಸುತ್ತಲಿನ ಚಿತ್ರವೇ ಬೇಕು: ಕಾರನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟಂತೆ ಊಹಿಸಿಕೊಳ್ಳಿ, ಪೆಟ್ಟಿಗೆಗೆ ಆರು ಮುಖ, ಆರು ದಿಕ್ಕಿಗೂ ಒಂದೊಂದು ಚಿತ್ರ. ಹೀಗೆ ಬಿಡಿಸುವ ಪ್ರತಿ ವಸ್ತುವಿಗೂ ಸಿಪಿಯು ಗ್ರಾಫಿಕ್ಸ್ ಕಾರ್ಡಿಗೆ ಒಂದು ಆದೇಶ ಕಳಿಸಬೇಕು. ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಆದೇಶಗಳ ಸಂಖ್ಯೆ ಅಷ್ಟೇ. ರೆಸಲ್ಯೂಷನ್ ಇಳಿಸಿದರೂ ಆಟ ಎಡವುತ್ತಲೇ ಇರುವುದಕ್ಕೆ ಕಾರಣ ಇದು.

ಆದ್ದರಿಂದ ಮೊದಲು ಕೈ ಹಾಕಬೇಕಾದದ್ದು ಪ್ರತಿಬಿಂಬಕ್ಕೆ. ಒಂದು ಫ್ರೇಮಿಗೆ ಎಷ್ಟು ಮುಖ ಹೊಸದಾಗಿ ಬಿಡಿಸಬೇಕು ಎನ್ನುವುದನ್ನು ಆಟವೇ ಕೇಳುತ್ತದೆ. ಆರು ಇಟ್ಟಿದ್ದರೆ ಪ್ರತಿ ಫ್ರೇಮಿಗೂ ಆರು ಹೆಚ್ಚುವರಿ ಚಿತ್ರ. ಒಂದಕ್ಕೆ ಇಳಿಸಿದರೆ ಪ್ರತಿ ಮುಖವೂ ಆರು ಫ್ರೇಮಿಗೊಮ್ಮೆ ಬದಲಾಗುತ್ತದೆ, 60 ಎಫ್‌ಪಿಎಸ್‌ನಲ್ಲಿ ಸೆಕೆಂಡಿಗೆ 10 ಸಲ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ತಮ್ಮ ಕಾರಿನ ಬಾಡಿ ಕಾಣುವುದೇ ಅಪರೂಪ, ವ್ಯತ್ಯಾಸ ಗೊತ್ತಾಗುವುದಿಲ್ಲ. ರಿಪ್ಲೇ ನೋಡುವಾಗ, ಫೋಟೊ ತೆಗೆಯುವಾಗ ಮಾತ್ರ ಪ್ರತಿಬಿಂಬ ಜಿಗಿದಂತೆ ಕಾಣಬಹುದು. ಆಟ ತೆರೆಯಲು ಕಂಟೆಂಟ್ ಮ್ಯಾನೇಜರ್ ಎಂಬ ಬೇರೆ ಪ್ರೋಗ್ರಾಂ ಬಳಸುವವರು ಅದಕ್ಕೆಂದೇ ಇನ್ನೊಂದು ಪ್ರೀಸೆಟ್ (ಸೆಟ್ಟಿಂಗುಗಳ ಕಟ್ಟು) ಉಳಿಸಿಕೊಳ್ಳಬಹುದು. ಪ್ರತಿಬಿಂಬದ ದೂರವನ್ನೂ ಕಡಿಮೆ ಮಾಡಿ: ಅರ್ಧ ಕಿಲೋಮೀಟರ್ ಆಚೆಯ ಗ್ರ್ಯಾಂಡ್‌ಸ್ಟ್ಯಾಂಡ್ ಬಾನೆಟ್ಟಿನಲ್ಲಿ ಹೊಳೆಯಬೇಕಾಗಿಲ್ಲ.

ಕನ್ನಡಿಯನ್ನು ಆಫ್ ಮಾಡಿ ಎಂದು ಹೇಳುವವರಿದ್ದಾರೆ. ಅದನ್ನು ಒಪ್ಪಲಾಗದು. ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡದೆ ತಿರುವಿಗೆ ನುಗ್ಗಿದರೆ ಇನ್ನೊಬ್ಬರ ರೇಸ್ ಹಾಳಾಗುತ್ತದೆ. ಹೈ ಕ್ವಾಲಿಟಿ ಮಿರರ್ ಮತ್ತು ಕನ್ನಡಿಯೊಳಗಿನ ಹೊಗೆ, ಈ ಎರಡನ್ನು ತೆಗೆಯಿರಿ, ಸಾಕು. ಆಮೇಲೆ ವರ್ಲ್ಡ್ ಡಿಟೇಲ್ ಒಂದೆರಡು ಮೆಟ್ಟಿಲು ಕೆಳಗೆ, ಟ್ರ್ಯಾಕಿನ ಪಕ್ಕದ ಸಣ್ಣಪುಟ್ಟ ವಸ್ತುಗಳು ಕಡಿಮೆಯಾಗುತ್ತವೆ. ನೆರಳಿನ ರೆಸಲ್ಯೂಷನ್ 4096 ಇದ್ದರೆ 2048 ಮಾಡಿ, ಉದ್ದ ಅಗಲ ಎರಡೂ ಅರ್ಧವಾಗಿ ಪಿಕ್ಸೆಲ್ ನಾಲ್ಕನೇ ಒಂದು ಪಾಲಾಗುತ್ತದೆ. ಆದರೆ ಇದರ ಲಾಭ ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿಗೆ, ಸಿಪಿಯುವಿನ ಆದೇಶಗಳು ಇದರಿಂದ ತಗ್ಗುವುದಿಲ್ಲ.

ಸಿಪಿಯುವಿಗೆ ಚಿತ್ರದ ಕೆಲಸವಲ್ಲದೆ ಇನ್ನೊಂದು ದೊಡ್ಡ ಹೊಣೆ ಇದೆ. ಈ ಆಟದ ಫಿಸಿಕ್ಸ್, ಅಂದರೆ ಟೈರು, ಸಸ್ಪೆನ್ಷನ್, ಗಾಳಿಯ ಒತ್ತಡ ಇವುಗಳ ಲೆಕ್ಕ, ಸೆಕೆಂಡಿಗೆ 333 ಸಲ ನಡೆಯುತ್ತದೆ. ಒಂದು ಸುತ್ತಿಗೆ 3 ಮಿಲಿಸೆಕೆಂಡ್. ಕಂಪ್ಯೂಟರ್ ನಡೆಸುವ ಎದುರಾಳಿ ಕಾರುಗಳ ಲೆಕ್ಕವೂ ನಿಮ್ಮ ಸಿಪಿಯುವಿನ ತಲೆಯ ಮೇಲೆಯೇ. ಅದು ಹೊರೆ ತಾಳದಿದ್ದಾಗ ಸಿಪಿಯು ಆಕ್ಯುಪೆನ್ಸಿ ಶೇಕಡ 99 ಮೀರಿತು ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಇದನ್ನು ಕಡೆಗಣಿಸಬೇಡಿ, ವೀಲಿನ ಮೂಲಕ ಕೈಗೆ ತಾಕುವ ಎಳೆತ, ಅಂದರೆ ಫೋರ್ಸ್ ಫೀಡ್‌ಬ್ಯಾಕ್ ಕೂಡ ಈ ಲೆಕ್ಕದಿಂದಲೇ ಹುಟ್ಟುವುದು. ಎಚ್ಚರಿಕೆ ಬಂದಾಗ ಎದುರಾಳಿಗಳನ್ನು 20ರಿಂದ 14ಕ್ಕೆ ಇಳಿಸಿ ನೋಡಿ. ಆನ್‌ಲೈನ್ ರೇಸಿನಲ್ಲಿ ಇದೇ ಸಂಖ್ಯೆಯ ಕಾರುಗಳಿದ್ದರೂ ಈ ಹೊರೆ ಹಗುರ, ಏಕೆಂದರೆ ಒಬ್ಬೊಬ್ಬರ ಕಾರಿನ ಲೆಕ್ಕ ಅವರವರ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಬಿಡಿಸುವ ಹೊರೆ ಮಾತ್ರ ಅಷ್ಟೇ ಇರುತ್ತದೆ.

ಮಾಡ್‌ಗಳ ಬಗ್ಗೆ, ಅಂದರೆ ಆಟಗಾರರೇ ಮಾಡಿ ಸೇರಿಸುವ ಕಾರು, ಟ್ರ್ಯಾಕು ಮುಂತಾದವುಗಳ ಬಗ್ಗೆ ಒಂದು ಮಾತು, ಏಕೆಂದರೆ ಈ ಆಟ ಇನ್ನೂ ಬದುಕಿರುವುದು ಅವುಗಳಿಂದಲೇ. ಆಟದ ಜೊತೆ ಬಂದ ಕಾರುಗಳಿಗೆ ಹಂತಹಂತದ ಮಾದರಿಗಳಿವೆ: ಹತ್ತಿರದಲ್ಲಿದ್ದಾಗ ವಿವರವಾದದ್ದು, ದೂರ ಹೋದಂತೆ ಸರಳವಾದದ್ದು. ಆತುರದಲ್ಲಿ ಮಾಡಿದ ಮಾಡ್ ಕಾರುಗಳಲ್ಲಿ ಈ ಸರಳ ಮಾದರಿಗಳೇ ಇರುವುದಿಲ್ಲ. 300 ಮೀಟರ್ ಆಚೆ ಚುಕ್ಕಿಯಂತೆ ಕಾಣುವ ಕಾರಿಗೂ ಒಳಗಿನ ಸೀಟಿನ ಹೊಲಿಗೆಯವರೆಗೆ ಬಿಡಿಸಬೇಕಾಗುತ್ತದೆ, ಅಂಥವು 20 ಸೇರಿದರೆ ಯಾವ ಸೆಟ್ಟಿಂಗ್ ಇಳಿಸಿದರೂ ಫಲವಿಲ್ಲ. ಕಾರಿನ ಫೋಲ್ಡರ್ ತೆರೆದು ನೋಡಿ. ಡಿಕ್ಕಿಯ ಲೆಕ್ಕಕ್ಕೆ ಇರುವ ಕೊಲೈಡರ್ ಬಿಟ್ಟು ಒಂದೇ ಒಂದು ಕೆಎನ್5 ಫೈಲು (ಕಾರಿನ ಮಾದರಿಯ ಫೈಲು) ಇದ್ದರೆ, ಆ ಕಾರನ್ನು ನೀವು ಓಡಿಸಿ, ಎದುರಾಳಿಗಳಿಗೆ ಕೊಡಬೇಡಿ. ಚಿತ್ರವನ್ನು ಚೆಂದಗೊಳಿಸುವ ಕಸ್ಟಮ್ ಶೇಡರ್ಸ್ ಪ್ಯಾಚ್ ಎಂಬ ಮಾಡ್ ಹಾಕಿದವರು ಅದರ ಗ್ರಾಸ್ ಎಫ್‌ಎಕ್ಸ್ ಮತ್ತು ಎಕ್ಸ್ಟ್ರಾ ಎಫ್‌ಎಕ್ಸ್ ಎರಡನ್ನೂ ಆಫ್ ಮಾಡಿ ಪರೀಕ್ಷೆ ಶುರು ಮಾಡಲಿ.

ಈಗ ವಿ-ಸಿಂಕ್, ಅಂದರೆ ಮಾನಿಟರ್ ಚಿತ್ರ ಬದಲಿಸುವ ಹೊತ್ತಿಗೆ ಸರಿಯಾಗಿ ಫ್ರೇಮ್ ಕೊಡುವ ಸೆಟ್ಟಿಂಗ್. 60 ಹರ್ಟ್ಸ್ ಮಾನಿಟರಿನಲ್ಲಿ ಇದನ್ನು ಆನ್ ಮಾಡಿದಾಗ 16.7 ಮಿಲಿಸೆಕೆಂಡಿನ ಗಡುವು ಸ್ವಲ್ಪ ತಪ್ಪಿದರೂ ಆ ಫ್ರೇಮ್ 33.3ರವರೆಗೆ ಕಾಯಬೇಕು. ಜೊತೆಗೆ ವೀಲ್ ತಿರುಗಿಸಿದ್ದು ಪರದೆಯ ಮೇಲೆ ಕಾಣುವುದೂ ತಡ. ಫ್ರೇಮ್ ಬಂದಾಗಲೇ ಚಿತ್ರ ಬದಲಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಇರುವ ಮಾನಿಟರ್ ಆದರೆ ಅದನ್ನು ಆನ್ ಮಾಡಿ, ಫ್ರೇಮ್ ಮಿತಿಯನ್ನು ಮಾನಿಟರಿನ ದರಕ್ಕಿಂತ ಮೂರು ಕಡಿಮೆ ಇಡಿ, 144ಕ್ಕೆ 141. ಅದಿಲ್ಲದಿದ್ದರೆ ವಿ-ಸಿಂಕ್ ಆಫ್ ಮಾಡಿ, ಗ್ರಿಡ್ ಪರೀಕ್ಷೆಯಲ್ಲಿ ನಿಮಗೆ ಸಿಕ್ಕ ಅತಿ ಕಡಿಮೆ ಅಂಕಿಯ ಆಸುಪಾಸಿನಲ್ಲಿ ಮಿತಿ ಹಾಕಿ. ಚಿತ್ರ ಅಲ್ಲಲ್ಲಿ ಅಡ್ಡ ಸೀಳಿದಂತೆ ಕಾಣಬಹುದು, ಆದರೂ ತಡವಾಗಿ ಬರುವ ಚಿತ್ರಕ್ಕಿಂತ ಅದು ವಾಸಿ.

ಲ್ಯಾಪ್‌ಟಾಪಿನಲ್ಲಿ ಆಡುವವರು ಮೊದಲು ಚಾರ್ಜರ್ ಹಾಕಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಎಂಬ ಜಾಗಕ್ಕೆ ಹೋಗಿ, ಆಟದ ಎಸಿಎಸ್ ಎಂಬ ಪ್ರೋಗ್ರಾಂ ಫೈಲನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಇಲ್ಲವಾದರೆ ಬೇರೆ ಗ್ರಾಫಿಕ್ಸ್ ಚಿಪ್ ಇದ್ದೂ ಪ್ರೊಸೆಸರಿನೊಳಗಿನ ಸಣ್ಣ ಚಿಪ್ ಮೇಲೆ ಆಟ ಓಡುವ ಸಾಧ್ಯತೆ ಇದೆ. ಡೆಸ್ಕ್‌ಟಾಪಿನಲ್ಲಿ ಇದೇ ತಪ್ಪಿನ ಇನ್ನೊಂದು ರೂಪವೆಂದರೆ ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿರುವುದು. ಒಂದೇ 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿಗೆ ಖಾಲಿ ಸ್ಲಾಟ್ ಇದ್ದರೆ ಅದೇ ಬಗೆಯ ಇನ್ನೊಂದು 8 ಜಿಬಿ ಹಾಕಿಸಿ. ಎರಡು ಇದ್ದಾಗ ಮೆಮೊರಿ ಎರಡು ದಾರಿಯಲ್ಲಿ ಹರಿಯುತ್ತದೆ, ಸಿಪಿಯು ಕಾಯುವುದು ಕಡಿಮೆಯಾಗುತ್ತದೆ.

ಬಿಸಿಯ ವಿಷಯ ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಕೊನೆಯ ಪರೀಕ್ಷೆಯನ್ನು 20 ನಿಮಿಷದ ಪೂರ್ತಿ ರೇಸ್ ಆಗಿ ಓಡಿಸಿ. ಹೋಗುತ್ತಾ ಹೋಗುತ್ತಾ ಪ್ರೊಸೆಸರಿನ ವೇಗ ಇಳಿದು ಫ್ರೇಮ್‌ಟೈಮ್ ರೇಖೆ ಏರುತ್ತಿದ್ದರೆ, ಫ್ಯಾನಿನ ಧೂಳು ತೆಗೆಸಿ, ಫ್ರೇಮ್ ಮಿತಿಯನ್ನು ಇನ್ನೂ ಹತ್ತು ಇಳಿಸಿ. ರೇಖೆ ಮೊದಲ ಲ್ಯಾಪಿನಲ್ಲಿದ್ದಂತೆಯೇ ಉಳಿದರೆ ಪ್ರೀಸೆಟ್ ಸೇವ್ ಮಾಡಿ. ವೀಲಿನ ಫೋರ್ಸ್ ಫೀಡ್‌ಬ್ಯಾಕ್ ಹೊಂದಿಸುವ ಕೆಲಸವನ್ನು ಅದಾದ ಮೇಲೆಯೇ ಶುರು ಮಾಡಿ. ತಡವರಿಸುವ ಆಟದಲ್ಲಿ ಹೊಂದಿಸಿದ್ದನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕಾಗುತ್ತದೆ.