ಪಕ್ಕದ ಸೀಟಿನ ಉಸ್ತಾದರು

ಕೇಳುಗರೆ, ನಮಸ್ಕಾರ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಲಾರಿ ಕಲಿಯಲು ಬಂದ ಹೊಸದರಲ್ಲಿ ಹೇಳುವ ದೂರು ಒಂದೇ: “ಗಾಡಿ ಕಲಿಯುವುದು ಕಷ್ಟವಲ್ಲ ಸರ್, ಉಸ್ತಾದರ ಬಾಯಿ ತಡೆದುಕೊಳ್ಳುವುದು ಕಷ್ಟ.” ನಾನೂ ಈಗ ಉಸ್ತಾದರ, ಅಂದರೆ ಪಕ್ಕದಲ್ಲಿ ಕೂತು ಕಲಿಸುವವರ ಸಾಲಿನಲ್ಲಿರುವುದರಿಂದ ಈ ಮಾತು ನನಗೂ ತಟ್ಟುತ್ತದೆ. ಆದರೂ ಅವರ ದೂರಿನಲ್ಲಿ ಅರ್ಧದಷ್ಟು ಹುರುಳಿದೆ ಎಂದು ಒಪ್ಪುತ್ತೇನೆ. ಹುರುಳಿಲ್ಲದ ಅರ್ಧವನ್ನು ಮೊದಲು ನೋಡೋಣ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೋಗುವಾಗ, ನಿಪ್ಪಾಣಿಗೆ ಮುಂಚೆ ತವಂದಿ ಘಾಟ್ ಸಿಗುತ್ತದೆ. ತುಂಬಿದ ಲಾರಿ ಇಳಿಜಾರಿಗೆ ಬಿದ್ದ ಮೇಲೆ ಗೇರ್ ಬದಲಿಸಲು ಹೋದರೆ ಗೇರ್ ಬೀಳುವುದಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ತನ್ನ ಭಾರಕ್ಕೆ ತಾನೇ ಓಡತೊಡಗುತ್ತದೆ. ಹೊಸಬನ ಕಾಲು ಆಗ ಬ್ರೇಕಿನ ಮೇಲೆ ಕೂತುಬಿಡುತ್ತದೆ. ಒತ್ತಿ ಹಿಡಿದಷ್ಟೂ ಚಕ್ರದೊಳಗಿನ ಬ್ರೇಕ್ ಡ್ರಮ್ ಕಾಯುತ್ತದೆ, ಅದಕ್ಕೆ ಉಜ್ಜುವ ಲೈನರ್ ಸುಟ್ಟ ವಾಸನೆ ಕ್ಯಾಬಿನ್ನಿನೊಳಗೆ ಬರುತ್ತದೆ, ಕೊನೆಗೆ ಬ್ರೇಕ್ ಹಿಡಿತವನ್ನೇ ಬಿಡುತ್ತದೆ. ಪದೇಪದೇ ಒತ್ತಿ ಬಿಟ್ಟರೂ ಕೆಡುಕೇ. ಬ್ರೇಕಿಗೆ ಒತ್ತಡ ಕೊಡುವ ಟ್ಯಾಂಕಿನ ಗಾಳಿ ಖಾಲಿಯಾಗುತ್ತ ಮೀಟರಿನ ಮುಳ್ಳು ಇಳಿಯುತ್ತದೆ. ಘಾಟ್ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುವಂತೆ ಮಾಡಬೇಕು.

ಇಷ್ಟೆಲ್ಲ ಬಿಡಿಸಿ ಹೇಳಲು ಆ ಹೊತ್ತಿನಲ್ಲಿ ಉಸ್ತಾದರಿಗೆ ಪುರುಸೊತ್ತಿರುವುದಿಲ್ಲ. ತರಬೇತಿ ಶಾಲೆಯ ಗಾಡಿಯಾದರೆ ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಬಾಡಿಗೆಗೆ ಓಡುವ ಲಾರಿಯಲ್ಲಿ ಅವರ ಬಳಿ ಇರುವುದು ಗಂಟಲು ಮಾತ್ರ. “ಕಾಲು ತೆಗೆಯೋ!” ಎಂದು ಕಿರುಚಿದಾಗ ಅದರಲ್ಲಿ ದಯವಿಟ್ಟು ಎಂಬ ಮಾತನ್ನು ಹುಡುಕಬಾರದು. ಹೇಳಿದ್ದನ್ನು ಮಾಡಬೇಕು, ಏಕೆ ಎಂಬುದನ್ನು ಧಾಬಾದಲ್ಲಿ ಕೇಳಬೇಕು. ಹೀಗೆ ಕೇಳುವ ಹುಡುಗನೆಂದರೆ ಎಂಥ ಸಿಡುಕಿನ ಉಸ್ತಾದರಿಗೂ ಪ್ರೀತಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ದಾರಿಗಳಲ್ಲಿ ಹಿಂದೀಪವಿಲ್ಲದ ಜೋಡಿ ಟ್ರೇಲರ್‌ಗಳು ಕತ್ತಲಲ್ಲಿ ಹಠಾತ್ತನೆ ಎದುರಾಗುತ್ತವೆ. ಅಲ್ಲಿಯೂ ಉಸ್ತಾದರು ಕಿರುಚಿದರೆ ಮೊದಲು ಮಾಡಬೇಕು, ಆಮೇಲೆ ಕೇಳಬೇಕು.

ಇನ್ನು ಹುರುಳಿರುವ ಅರ್ಧ. ಕ್ಲಚ್ ತಪ್ಪಿದ್ದಕ್ಕೆ ತಂದೆತಾಯಿಯನ್ನು ಎಳೆದು ತಂದು ಬೈಯುವುದರಿಂದ ಯಾರಿಗೂ ಕ್ಲಚ್ ಬರುವುದಿಲ್ಲ. ಇದನ್ನು ನುಂಗಿಕೊಳ್ಳಬೇಕಾಗಿಲ್ಲ. ಆದರೆ ಓಡುವ ಗಾಡಿಯಲ್ಲಿ ಎದುರು ಮಾತಾಡಬೇಡಿ, ನಾಲ್ಕು ಜನ ಕ್ಲೀನರ್‌ಗಳ ಮುಂದೆಯೂ ಬೇಡ. ಎಂಜಿನ್ ಬಂದ್ ಆದ ಮೇಲೆ, ಇಬ್ಬರೇ ಇದ್ದಾಗ ಹೇಳಿ: “ಕಾಕಾ, ತಪ್ಪಿಗೆ ನನ್ನನ್ನು ಬೈಯಿರಿ, ಕೇಳುತ್ತೇನೆ. ಮನೆಯವರನ್ನು ಮಾತ್ರ ನಡುವೆ ತರಬೇಡಿ.” ದನಿ ಏರಿಸದೆ ಹೇಳಿದರೆ ಈ ಮಾತು ನಾಟುತ್ತದೆ. ಚಹಾ ತಂದುಕೊಡುವುದು, ತಾಡಪತ್ರಿ ಬಿಗಿಯುವುದು, ಟಯರ್ ತಟ್ಟಿ ನೋಡುವುದು ಕಲಿಯುವವನ ಪಾಲಿನ ಕೆಲಸವೇ, ಅದರಲ್ಲಿ ಅವಮಾನವಿಲ್ಲ. ಉಸ್ತಾದರ ಬಟ್ಟೆ ಒಗೆಯುವುದು ಯಾವ ಪಾಠದಲ್ಲೂ ಇಲ್ಲ.

ಬೈಗುಳಕ್ಕಿಂತ ನನಗೆ ಹೆಚ್ಚು ಭಯವಿರುವುದು ಹೊಗಳಿಕೆಯ ಬಗ್ಗೆ. “ಕೈ ಚೆನ್ನಾಗಿ ಕೂತಿದೆ ತಮ್ಮಾ, ಹುಬ್ಬಳ್ಳಿತನಕ ನೀನೇ ಹೊಡಿ, ನಾನು ಸ್ವಲ್ಪ ಅಡ್ಡಾಗುತ್ತೇನೆ” ಎಂದು ಉಸ್ತಾದರು ಹಿಂದಿನ ಸೀಟಿಗೆ ಹೋದರೆ ಹುಡುಗನ ಎದೆ ಉಬ್ಬುತ್ತದೆ. ಆದರೆ ಕಲಿಕಾ ಲೈಸೆನ್ಸ್ ಇರುವವನು ಓಡಿಸುವಾಗ ಪಕ್ಕಾ ಲೈಸೆನ್ಸಿನವರು ಪಕ್ಕದಲ್ಲಿ, ಗಾಡಿಯನ್ನು ಹತೋಟಿಗೆ ತೆಗೆದುಕೊಳ್ಳಬಲ್ಲಂತೆ ಕುಳಿತಿರಬೇಕು. ಮುಂದೆ ಹಿಂದೆ ಎಲ್ ಫಲಕ ಇರಬೇಕು. ಇದು ಕಾನೂನು. ಆಗ ಹೇಳಬೇಕಾದದ್ದು ಇಷ್ಟೇ: “ನೀವು ಮಲಗಿ ಕಾಕಾ. ಗಾಡಿ ಪಕ್ಕಕ್ಕೆ ಹಚ್ಚುತ್ತೇನೆ, ನಾನು ಕಾವಲಿರುತ್ತೇನೆ.” ನಿದ್ದೆ ತಪ್ಪಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಅವರು ಮುನಿಸಿಕೊಳ್ಳುವುದೂ ಅಪರೂಪ.

ಶಾಲೆಯಲ್ಲಿ ಕಲಿಯುವವರಿಗೆ ಇನ್ನೊಂದು ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸಾರಿಗೆ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು. ಅದರಲ್ಲಿ ಕನಿಷ್ಠ 15 ಗಂಟೆ ನೀವೇ ಗಾಡಿ ಓಡಿಸಿರಬೇಕು. ಆ ಗಂಟೆಗಳನ್ನು ಬರೆಯುವ ರಿಜಿಸ್ಟರ್ ನಮೂನೆ 15. ಅದರಲ್ಲಿ ಕಲಿಸಿದವರ ಸಹಿಯೊಂದಿಗೆ ಕಲಿತವನ ಸಹಿಯೂ ಬೀಳಬೇಕು. ಓಡಿಸದ ಗಂಟೆಗೆ ಸಹಿ ಕೇಳಿದರೆ, “ಸರ್, ಇನ್ನೆರಡು ಗಂಟೆ ಬಾಕಿ ಇದೆಯಲ್ಲ, ನಾಳೆ ಮುಗಿಸಿ ಹಾಕುತ್ತೇನೆ” ಎಂದು ಪೆನ್ನು ಕೆಳಗಿಡಿ. ಜಗಳವಾಡುವ ಅಗತ್ಯವೇ ಇಲ್ಲ.

ಇಷ್ಟಾದರೂ ಹೊಂದಿಕೆಯಾಗದಿದ್ದರೆ ಶಾಲೆಯ ಮಾಲೀಕರನ್ನು ಕಂಡು ಬೇರೆಯವರ ಕೈಕೆಳಗೆ ಹಾಕಲು ಕೇಳಿ. ಅದು ನಿಮ್ಮ ಹಕ್ಕಿನ ಮಾತು, ಚಾಡಿಯಲ್ಲ. ಹೊಸ ಉಸ್ತಾದರೂ ಘಾಟಿನಲ್ಲಿ ಕಿರುಚಿಯೇ ಕಿರುಚುತ್ತಾರೆ. ಅಷ್ಟಕ್ಕೆ ಮಾತ್ರ ಸಿದ್ಧರಾಗಿ ಹೋಗಿ.

ನಮಸ್ಕಾರ.