ನಾಲ್ಕು ಡಿಗ್ರಿ ಚಳಿ, ಒದ್ದೆ ರಸ್ತೆ, 130ರ ವೇಗ: ಯಾವ ವಿಂಟರ್ ಟೈರ್ ತಗೋಬೇಕು?

ನಮಸ್ಕಾರ. ಜರ್ಮನಿಯಲ್ಲಿ ಕಾರು ಇಟ್ಕೊಂಡಿರೋ ಕನ್ನಡದವರಿಗಾಗಿ ಈ ಸಂಚಿಕೆ. ಸೆಪ್ಟೆಂಬರ್ ಮುಗೀತಾ ಬಂದ ಹಾಗೆ ಎಲ್ಲರೂ ಕೇಳೋದು ಒಂದೇ: ಯಾವ ವಿಂಟರ್ ಟೈರ್ ಹಾಕಿಸ್ಲಿ? ಗೊತ್ತಿರೋರು ಕೊಡೋ ಸಲಹೆನೂ ಹೆಚ್ಚುಕಡಿಮೆ ಒಂದೇ: ಹಿಮದ ಪರೀಕ್ಷೆಯಲ್ಲಿ ಮೊದಲು ಬಂದಿದ್ದನ್ನ ಹಾಕ್ಸಿ. ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್‌ನಲ್ಲಿ ಇರೋರಿಗೆ ಈ ಸಲಹೆ ತಪ್ಪು ಅಂತೀನಿ ನಾನು. ನೀವು ಮೊದಲು ನೋಡಬೇಕಾಗಿರೋದು ಒದ್ದೆ ರಸ್ತೆಯಲ್ಲಿ ಬ್ರೇಕ್ ಹೇಗೆ ಹಿಡಿಯತ್ತೆ ಅನ್ನೋದನ್ನ. ಹಿಮ ಆಮೇಲೆ.

ಯಾಕೆ ಅಂತ ಹೇಳ್ತೀನಿ. ಸ್ಟುಟ್‌ಗಾರ್ಟಿಂದ ಮ್ಯೂನಿಕ್‌ಗೆ ಎ8 ಆಟೋಬಾನ್ (ಹೆದ್ದಾರಿ) ಹಿಡಿದು ಹೋಗೋರ ಚಳಿಗಾಲ ಹೇಗಿರತ್ತೆ ನೆನಪು ಮಾಡ್ಕೊಳ್ಳಿ. ಹಿಮ ಬಿದ್ದ ಕೂಡಲೇ ಉಪ್ಪಿನ ಗಾಡಿ ಬರತ್ತೆ, ರಸ್ತೆ ಕಪ್ಪಾಗತ್ತೆ, ಒದ್ದೆ ಆಗತ್ತೆ. ಹೊರಗೆ ಮೂರೋ ನಾಲ್ಕೋ ಡಿಗ್ರಿ. ನೀವು ಹೋಗ್ತಾ ಇರೋದು 120, 130ರಲ್ಲಿ. ಬೆಳ್ಳಗೆ ಹಿಮದ ಮೇಲೇ ಗಾಡಿ ಓಡಿಸೋ ದಿನ ಇಡೀ ಸೀಸನ್‌ನಲ್ಲಿ ಬೆರಳೆಣಿಕೆಯಷ್ಟು.

ಒಂದು ಸಣ್ಣ ಲೆಕ್ಕ ಹಾಕೋಣ. ಒದ್ದೆ ರಸ್ತೆಯಲ್ಲಿ 80 ಕಿಲೋಮೀಟರ್ ವೇಗದಿಂದ ಪೂರ್ತಿ ಬ್ರೇಕ್ ಒತ್ತಿದ್ದೀರಿ ಅಂತ ಇಟ್ಕೊಳ್ಳಿ. ಘರ್ಷಣೆಯ ಗುಣಾಂಕ (ರಸ್ತೆ ಮೇಲೆ ಟೈರಿನ ಹಿಡಿತದ ಅಳತೆ) 0.7 ಇರೋ ಟೈರ್ ಸುಮಾರು 36 ಮೀಟರಿಗೆ ನಿಲ್ಲತ್ತೆ. 0.6 ಇರೋ ಟೈರಿಗೆ 42 ಮೀಟರ್ ಬೇಕು. ಆರು ಮೀಟರ್ ತಾನೇ ಅನ್ಸತ್ತೆ. ಆದ್ರೆ ಮೊದಲನೇ ಕಾರು ಪೂರ್ತಿ ನಿಂತಿರೋ ಜಾಗದಲ್ಲಿ ಎರಡನೇ ಕಾರು ಇನ್ನೂ 30 ಕಿಲೋಮೀಟರ್ ವೇಗದಲ್ಲಿ ಇರತ್ತೆ. ಮುಂದೆ ಜೀಬ್ರಾ ಕ್ರಾಸಿಂಗ್ ಇದ್ರೆ ಆ 30ರ ಅರ್ಥ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯಲ್ಲಿ ಎರಡು ಜಾತಿ ವಿಂಟರ್ ಟೈರ್ ಇದೆ, ಎರಡಕ್ಕೂ ಹೆಸರು ಅದೇ. ಒಂದು ಮಧ್ಯ ಯುರೋಪಿನ ಜಾತಿ: ಮಿಶೆಲಿನ್ ಪೈಲಟ್ ಆಲ್ಪಿನ್ 5, ಕಾಂಟಿನೆಂಟಲ್ ವಿಂಟರ್‌ಕಾಂಟ್ಯಾಕ್ಟ್ ಟಿಎಸ್ 870 ಪಿ, ಪಿರೆಲ್ಲಿ ಪಿ ಜೀರೋ ವಿಂಟರ್ 2, ಗುಡ್‌ಇಯರ್ ಅಲ್ಟ್ರಾಗ್ರಿಪ್ ಪರ್ಫಾರ್ಮೆನ್ಸ್ 3, ಬ್ರಿಜ್‌ಸ್ಟೋನ್ ಬ್ಲಿಝ್ಯಾಕ್ ಎಲ್‌ಎಂ005. ಇನ್ನೊಂದು ನಾರ್ಡಿಕ್ ಜಾತಿ: ನೋಕಿಯನ್ ಹಕ್ಕಪೆಲಿಟ್ಟ ಆರ್5, ಮಿಶೆಲಿನ್ ಎಕ್ಸ್-ಐಸ್ ಸ್ನೋ ಥರದವು. ನಾರ್ಡಿಕ್ ಟೈರಿನ ರಬ್ಬರ್ ತುಂಬಾ ಮೃದು. ಮೈನಸ್ 20ರಲ್ಲೂ ಬಳುಕಬೇಕು ಅಂತಲೇ ಹಾಗೆ ಮಾಡಿರ್ತಾರೆ. ಅದೇ ಟೈರನ್ನ ಪ್ಲಸ್ ಎಂಟು ಡಿಗ್ರಿಯಲ್ಲಿ, ಒದ್ದೆ ಆಟೋಬಾನ್ ಮೇಲೆ ಜೋರಾಗಿ ಬ್ರೇಕ್ ಹಾಕಿದ್ರೆ ರಬ್ಬರ್ ಮಡಚಿಕೊಳ್ಳತ್ತೆ, ರಸ್ತೆಗೆ ಸರಿಯಾಗಿ ಕೂರಲ್ಲ, ನಿಲ್ಲೋ ದೂರ ಉದ್ದ ಆಗತ್ತೆ. ಸ್ಟೀರಿಂಗ್ ತಿರುಗಿಸಿದ್ರೆ ಕಾರು ಅರೆಕ್ಷಣ ಯೋಚನೆ ಮಾಡಿ ತಿರುಗತ್ತೆ.

ಹಳೇ ಸೆಟ್ ಕೊಳ್ಳೋವಾಗ ಇವನ್ನ ಗುರುತಿಸೋಕೆ ಪಕ್ಕೆಯ ಮೇಲಿರೋ ವೇಗದ ಅಕ್ಷರ ನೋಡಿ. ಹಕ್ಕಪೆಲಿಟ್ಟ ಆರ್5 ಮೇಲೆ ಆರ್ ಅಂತ ಇರತ್ತೆ, ಅಂದ್ರೆ ಗರಿಷ್ಠ 170. ಟಿ ಅಂದ್ರೆ 190, ಎಚ್ ಅಂದ್ರೆ 210, ವಿ ಅಂದ್ರೆ 240, ಡಬ್ಲ್ಯೂ ಅಂದ್ರೆ 270. ಮಧ್ಯ ಯುರೋಪಿನ ಜಾತಿಯ ಪರ್ಫಾರ್ಮೆನ್ಸ್ ವಿಂಟರ್ ಟೈರಲ್ಲಿ ಸಾಮಾನ್ಯವಾಗಿ ವಿ ಅಥವಾ ಡಬ್ಲ್ಯೂ. ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಅಕ್ಷರದ ವಿಂಟರ್ ಟೈರ್ ಹಾಕೋಕೆ ಜರ್ಮನಿಯಲ್ಲಿ ಅವಕಾಶ ಇದೆ, ಡ್ರೈವರ್ ಕಣ್ಣಿಗೆ ಕಾಣೋ ಹಾಗೆ ಆ ವೇಗದ ಸ್ಟಿಕ್ಕರ್ ಅಂಟಿಸಿರಬೇಕು ಅಷ್ಟೇ.

ಈಗ ಟೈರನ್ನೇ ಹತ್ತಿರದಿಂದ ನೋಡಿ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಬಟನ್ ಅಂತಾರಲ್ಲ, ಆ ಒಂದೊಂದು ಬಟನ್ ಮೇಲೂ ಬ್ಲೇಡಿಂದ ಗೀರಿದ ಹಾಗೆ ತೆಳ್ಳಗೆ ಅಂಕುಡೊಂಕು ಸೀಳುಗಳಿರ್ತವೆ. ಅವಕ್ಕೆ ಸೈಪ್ ಅಂತಾರೆ. ಉಗುರು ಹಾಕಿ ಅಗಲಿಸಿ ನೋಡಿ. ಒಳಗೆ ಗೋಡೆ ನೇರವಾಗಿರಲ್ಲ, ಏರಿಳಿತ ಇರತ್ತೆ. ಬ್ರೇಕ್ ಹಾಕಿದಾಗ ಆ ಏರಿಳಿತಗಳು ಒಂದರೊಳಗೊಂದು ಕಚ್ಕೊಂಡು ಬಟನ್ ಬಾಗದ ಹಾಗೆ ಹಿಡಿಯತ್ತೆ. ಹಿಮದ ಮೇಲೆ ಅದೇ ಸೀಳು ಬಾಯಿ ತೆರೆದು ಹಿಮವನ್ನ ಕಚ್ಚತ್ತೆ. ಬಟನ್‌ಗಳ ನಡುವಿನ ದೊಡ್ಡ ಕಾಲುವೆಗಳಲ್ಲಿ (ಗ್ರೂವ್ ಅಂತಾರೆ) ತುಂಬಿಕೊಂಡ ಹಿಮ ನೆಲದ ಹಿಮಕ್ಕೆ ಅಂಟಿಕೊಂಡು ಹಿಡಿತ ಕೊಡತ್ತೆ. ಹಾಗಾಗಿ ಸೈಪ್ ಹೆಚ್ಚಾದಷ್ಟೂ ಹಿಮಕ್ಕೆ ಒಳ್ಳೇದು, ಒಣ ರಸ್ತೆಗೆ ಬಟನ್ ಮೆತ್ತಗಾಗತ್ತೆ. ಎಲ್ಲಾ ಕಂಪನಿಗಳೂ ಇದೇ ಎಳೆದಾಟದಲ್ಲಿ ತಮ್ಮ ತಮ್ಮ ಜಾಗ ಆರಿಸ್ಕೊಂಡಿವೆ.

ಪಿ ಜೀರೋ ವಿಂಟರ್ 2 ಒಣ ರಸ್ತೆಯ ಕಡೆಗೆ ವಾಲಿದೆ. ವೇಗದ ಕಾರುಗಳಿಗೆ, ದೊಡ್ಡ ರಿಮ್‌ಗಳಿಗೆ ಅಂತ ಮಾಡಿದ್ದು. 18 ಇಂಚಿನ ಒಳಗಿರೋರು ಅದರ ಹಿಂದೆ ಬೀಳೋದು ಬೇಡ. ಎಲ್‌ಎಂ005 ಒದ್ದೆ ರಸ್ತೆಯನ್ನೇ ಗುರಿಯಾಗಿಟ್ಟು ಬಂದ ಟೈರ್, ಒದ್ದೆ ಹಿಡಿತಕ್ಕೆ ಯುರೋಪಿನ ಲೇಬಲ್‌ನಲ್ಲಿ ಎ ದರ್ಜೆ ತಗೊಂಡಿದ್ದು. ಫ್ರಾಂಕ್‌ಫರ್ಟ್, ಕಲೋನ್ ಥರದ ಮಳೆಯ ಊರಿಗೆ ನನ್ನ ಮೊದಲ ಆಯ್ಕೆ ಅದೇ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸೋರಿಗೆ ಸವೆತ ಮುಖ್ಯ, ಅವರಿಗೆ ಪೈಲಟ್ ಆಲ್ಪಿನ್ 5. ಮ್ಯೂನಿಕ್‌ನಲ್ಲಿದ್ದು ವಾರಾಂತ್ಯಕ್ಕೆ ಗಾರ್ಮಿಷ್ ಕಡೆ ಬೆಟ್ಟ ಹತ್ತೋ ಅಭ್ಯಾಸ ಇದ್ರೆ ಟಿಎಸ್ 870 ಪಿ ಅಥವಾ ಅಲ್ಟ್ರಾಗ್ರಿಪ್ ಪರ್ಫಾರ್ಮೆನ್ಸ್ 3. ಎರಡೂ ಹಿಮ, ಮಳೆ ಎರಡನ್ನೂ ತೂಗಿಸಿಕೊಂಡು ಹೋಗ್ತವೆ.

ಪರೀಕ್ಷೆಯ ಫಲಿತಾಂಶ ಓದೋವಾಗ ಮೊದಲು ಅಳತೆ ನೋಡಿ, ಅದರ ಕೊನೇ ಸಂಖ್ಯೆ ರಿಮ್‌ನ ಇಂಚು. 205/55 ಆರ್ 16ರಲ್ಲಿ ಗೆದ್ದ ಟೈರ್ 225/40 ಆರ್ 18ರಲ್ಲೂ ಗೆಲ್ಲತ್ತೆ ಅನ್ನೋ ಖಾತ್ರಿ ಇಲ್ಲ. ಟೈರ್ ಪರೀಕ್ಷೆ ಮಾಡೋ ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ 2023ರಿಂದ 70 ಭಾಗ ಅಂಕ ಸುರಕ್ಷತೆಗೆ, 30 ಭಾಗ ಪರಿಸರಕ್ಕೆ ಕೊಡ್ತಾ ಇದೆ. ಒಟ್ಟು ಅಂಕ ಬಿಟ್ಟು ಒದ್ದೆ ರಸ್ತೆಯ ಅಂಕ ಹುಡುಕಿ ಓದಿ. ಪಕ್ಕೆಯ ಮೇಲೆ ನಕ್ಷತ್ರ ಇದ್ರೆ ಬಿಎಂಡಬ್ಲ್ಯೂ, ಎಂಒ ಇದ್ರೆ ಮರ್ಸಿಡಿಸ್, ಎಒ ಇದ್ರೆ ಔಡಿ ತಮಗೆ ಬೇಕಾದ ಹಾಗೆ ಮಾಡಿಸಿಕೊಂಡ ಟೈರ್. ಹೆಸರು ಒಂದೇ ಇದ್ರೂ ಒಳಗಿನ ರಬ್ಬರ್ ಬೇರೆ ಇರಬಹುದು.

ರಿಮ್ ವಿಷಯಕ್ಕೆ ಬರ್ತೀನಿ, ಇಲ್ಲಿ ತುಂಬಾ ಜನ ದುಡ್ಡು ಕಳ್ಕೊಳ್ತಾರೆ. ಬೇಸಿಗೆಗೆ 18 ಇಂಚು ಇದ್ರೆ ಚಳಿಗಾಲಕ್ಕೆ 17 ಅಥವಾ 16 ಹಾಕ್ಸಿ. ಟೈರ್ ಅಗ್ಗ ಆಗತ್ತೆ. ಪಕ್ಕೆ ಎತ್ತರ ಇರೋದ್ರಿಂದ ಹಿಮದಡಿ ಕಾಣದ ಗುಂಡಿಗೆ ಇಳಿದಾಗ ರಿಮ್ ಉಳಿಯತ್ತೆ. ಹಿಮದಲ್ಲಿ ಚಕ್ರಕ್ಕೆ ಚೈನ್ ಹಾಕೋಕೆ ಅನುಮತಿ ಇರೋದೂ ಎಷ್ಟೋ ಕಾರುಗಳಲ್ಲಿ ಸಣ್ಣ ಅಳತೆಗೆ ಮಾತ್ರ. ಆದ್ರೆ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನ ಹಿಡಿಯೋ ಭಾಗ) ದೊಡ್ಡದಿದ್ರೆ 16 ಇಂಚಿನ ರಿಮ್ ಒಳಗೆ ಕೂರಲ್ಲ. ಕಾರಿನ ಜೊತೆ ಬಂದ ಸಿಒಸಿ (ಅನುಮೋದನೆ ಪ್ರಮಾಣಪತ್ರ) ಕಾಗದದಲ್ಲಿ ಯಾವ್ಯಾವ ಅಳತೆಗೆ ಅನುಮತಿ ಅಂತ ಬರೆದಿರತ್ತೆ, ಅದನ್ನ ನೋಡಿಯೇ ಆರ್ಡರ್ ಮಾಡಿ. ಭಾರದ ಸಂಖ್ಯೆಯನ್ನೂ ಹೊಂದಿಸಿ: 91 ಅಂದ್ರೆ ಒಂದು ಟೈರಿಗೆ 615 ಕಿಲೋ, 94 ಅಂದ್ರೆ 670. ಎಲೆಕ್ಟ್ರಿಕ್ ಕಾರಿನವರು ಇದರಲ್ಲಿ ತುಂಬಾ ಹುಷಾರಾಗಿರಬೇಕು, ಬ್ಯಾಟರಿ ಭಾರ ಸಣ್ಣದಲ್ಲ.

ಕಾನೂನಿನ ಮಾತು ಚಿಕ್ಕದು. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹಳುಕು, ಆ ಗುರುತು ಪಕ್ಕೆಯ ಮೇಲೆ ಇರಲೇಬೇಕು. ಬರೀ ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ, ಅಂದ್ರೆ ಕೆಸರು, ಹಿಮ) ಅಂತ ಇರೋ ಹಳೇ ಟೈರ್‌ಗಳ ಕಾಲ 2024ರ ಸೆಪ್ಟೆಂಬರ್ 30ಕ್ಕೆ ಮುಗೀತು. ಹಿಮ, ಮಂಜುಗಡ್ಡೆ ಇರೋ ರಸ್ತೆಯಲ್ಲಿ ಬೇಸಿಗೆ ಟೈರಲ್ಲಿ ಸಿಕ್ಕಿಬಿದ್ರೆ 60 ಯೂರೋ ದಂಡ, ಜೊತೆಗೆ ಡ್ರೈವರ್ ಹೆಸರಿಗೆ ಒಂದು ದಂಡದ ಪಾಯಿಂಟ್. ಆ ಬೆಟ್ಟದ ಗುರುತು ಪಾಸ್ ಮಾರ್ಕ್ ಇದ್ದ ಹಾಗೆ. ಆಲ್-ಸೀಸನ್ ಟೈರಿಗೂ ಸಿಗತ್ತೆ, ಅಗ್ಗದ ಟೈರಿಗೂ ಸಿಗತ್ತೆ. ಅದನ್ನ ನೋಡಿ ಟೈರ್ ಒಳ್ಳೇದು ಅಂತ ತೀರ್ಮಾನ ಮಾಡೋಕಾಗಲ್ಲ.

ಜರ್ಮನಿಯಲ್ಲಿ ಕಾನೂನು ಕೇಳೋದು ಗ್ರೂವ್‌ಗೆ 1.6 ಮಿಲಿಮೀಟರ್ ಆಳ. ಸಾಲದು. ನಾಲ್ಕಕ್ಕಿಂತ ಕಡಿಮೆ ಆದ್ರೆ ಗ್ರೂವ್ ಹಿಮ ಹಿಡಿಯಲ್ಲ, ನೀರನ್ನೂ ಸಾಕಷ್ಟು ಹೊರಗೆ ತಳ್ಳಲ್ಲ. ಆಸ್ಟ್ರಿಯಾದಲ್ಲಂತೂ ನಾಲ್ಕೇ ಕನಿಷ್ಠ, ಸಾಲ್ಜ್‌ಬರ್ಗ್‌ಗೆ ಹೋಗೋರು ಮರೀಬೇಡಿ. ಅಳೆಯೋಕೆ ಎರಡು ಯೂರೋ ನಾಣ್ಯ ಸಾಕು. ಅದರ ಬೆಳ್ಳಿ ಬಣ್ಣದ ಅಂಚು ನಾಲ್ಕು ಮಿಲಿಮೀಟರ್ ಅಗಲ. ಗ್ರೂವ್ ಒಳಗೆ ಇಳಿಸಿ, ಅಂಚು ಹೊರಗೆ ಕಾಣ್ತಾ ಇದ್ರೆ ಹೊಸ ಟೈರಿಗೆ ದುಡ್ಡು ಹೊಂದಿಸಿಕೊಳ್ಳಿ. ಎಂಟು ಚಕ್ರದ ಸಮೇತ (ಬೇಸಿಗೆ, ಚಳಿಗಾಲ ಎರಡೂ ಸೆಟ್) ಸೆಕೆಂಡ್ ಹ್ಯಾಂಡ್ ಕಾರು ಕೊಡ್ತೀನಿ ಅಂದ್ರೆ ಪಕ್ಕೆಯ ಮೇಲೆ ಟೈರ್ ತಯಾರಾದ ಕಾಲ ತಿಳಿಸೋ ಡಾಟ್ ಸಂಖ್ಯೆಯ ಕೊನೇ ನಾಲ್ಕು ಅಂಕಿ ಓದಿ. 3817 ಅಂದ್ರೆ 2017ರ 38ನೇ ವಾರ. ಅಷ್ಟು ಹಳೇ ವಿಂಟರ್ ಟೈರಲ್ಲಿ ಆಳ ಎಷ್ಟೇ ಇರಲಿ, ರಬ್ಬರ್ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ಹಾಗೆ ಗಟ್ಟಿಯಾಗಿರತ್ತೆ. ಆ ಸೆಟ್ಟಿಗೆ ಬೆಲೆ ಕಟ್ಟಬೇಡಿ.

ಸ್ವೀಡನ್ನಿನ ಉಮಿಯೋ, ಫಿನ್ಲೆಂಡಿನ ಔಲು, ಕೆನಡಾದ ಮಾಂಟ್ರಿಯಲ್‌ನಲ್ಲಿ ಇರೋ ನಮ್ಮವರು ಇಷ್ಟು ಹೊತ್ತು ಹೇಳಿದ್ದನ್ನ ತಿರುಗಿಸಿ ಕೇಳಿಸ್ಕೊಳ್ಳಿ. ನಿಮ್ಮ ರಸ್ತೆಯಲ್ಲಿ ವಾರಗಟ್ಟಲೆ ಮಂಜುಗಡ್ಡೆ ಇರತ್ತೆ, ನಿಮಗೆ ನಾರ್ಡಿಕ್ ಟೈರೇ ಸರಿ. 1934ರಲ್ಲಿ ಮೊದಲ ಚಳಿಗಾಲದ ಟೈರ್ ಹುಟ್ಟಿದ್ದೇ ಫಿನ್ಲೆಂಡಿನ ನೋಕಿಯಾ ಊರಲ್ಲಿ, ಅಲ್ಲಿನ ರಸ್ತೆಗೆ ಏನು ಬೇಕು ಅಂತ ಅವರಿಗೆ ಗೊತ್ತು.

ಇನ್ನು ಜೋಡಣೆ. ನಾಲ್ಕೂ ಒಂದೇ ಥರದ ಟೈರ್ ಇರಬೇಕು. ಮುಂದೆ ಮಾತ್ರ ವಿಂಟರ್ ಹಾಕಿದ್ರೆ ಬ್ರೇಕ್ ಹೊತ್ತಲ್ಲಿ ಹಿಂದಿನ ಚಕ್ರ ಜಾರಿ ಕಾರು ಗಿರ್ರನೆ ತಿರುಗತ್ತೆ. ಆಳ ಹೆಚ್ಚಿರೋ ಜೋಡಿ ಹಿಂದಕ್ಕೇ ಹೋಗಬೇಕು. ಬಾಣದ ಗುರುತು ಇರೋ ಟೈರ್ ಉಲ್ಟಾ ಕೂತಿದ್ರೆ ನೀರನ್ನ ಹೊರಗೆ ಹಾಕೋ ಬದಲು ಒಳಗೆ ಎಳ್ಕೊಳ್ಳತ್ತೆ, ವರ್ಕ್‌ಶಾಪ್ ಬಿಡೋ ಮುಂಚೆ ನಾಲ್ಕೂ ಬಾಣ ನೋಡಿ. ಒತ್ತಡ ಅಳೆಯೋದು ಟೈರ್ ತಣ್ಣಗಿರೋವಾಗ, ಹತ್ತು ಡಿಗ್ರಿ ಇಳಿದ್ರೆ ಸುಮಾರು 0.1 ಬಾರ್ ಕಡಿಮೆ ಆಗತ್ತೆ. ಚಕ್ರದ ಒಳಗೆ ಸೆನ್ಸರ್ ಇರೋ ಕಾರಾದ್ರೆ ಎರಡನೇ ಸೆಟ್ಟಿಗೂ ಸೆನ್ಸರ್ ಬೇಕು. ಹೊಸ ಟೈರಿನ ಮೈಮೇಲೆ ಅಚ್ಚಿನ ಜಾರು ಪದರ ಉಳಿದಿರತ್ತೆ, ಮೊದಲ 300 ಕಿಲೋಮೀಟರ್ ಮೆಲ್ಲಗೆ ಓಡಿಸಿ. ಬೋಲ್ಟ್‌ಗಳನ್ನ ಕಾರಿನ ಕೈಪಿಡಿ ಹೇಳೋ ಟಾರ್ಕಿಗೇ (ತಿರುಚೋ ಬಲ) ಬಿಗೀಬೇಕು, ಎಷ್ಟೋ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಅದು 120 ನ್ಯೂಟನ್ ಮೀಟರ್. 50 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಂದು ಸಲ ನಾಲ್ಕೂ ಚಕ್ರ ನೋಡಿ. ಬಿಚ್ಚಿಟ್ಟ ಬೇಸಿಗೆ ಟೈರಿನ ಮೇಲೆ ಮುಂದಿನ ಎಡ, ಹಿಂದಿನ ಬಲ ಅಂತ ಸೀಮೆಸುಣ್ಣದಲ್ಲಿ ಬರೆದು ಕೆಳ್ಳರ್‌ನಲ್ಲಿ (ನೆಲಮಾಳಿಗೆ) ಇಡಿ. ಈಸ್ಟರ್ ಕಳೆದು ಮತ್ತೆ ಹಾಕೋವಾಗ ಬೇಕಾಗತ್ತೆ.